ಬೋರಿನ ನೀರಿನ ಮನೆಗೆ ಬೇಕಾದ ಅಗ್ಗದ ಸಾಮಾನುಗಳು

ದಾವಣಗೆರೆಯ ಹಲವು ಬಡಾವಣೆಗಳಲ್ಲಿ ಮನೆವಾರ್ತೆ ಎರಡು ನೀರುಗಳನ್ನು ನಂಬಿ ನಡೆಯುತ್ತದೆ. ಒಂದು, ಭದ್ರಾ ಕಾಲುವೆಯಿಂದಲೋ ತುಂಗಭದ್ರಾ ಹೊಳೆಯಿಂದಲೋ ಬಂದು, ಕುಂದವಾಡ ಕೆರೆಯಂಥ ಕಡೆ ನಿಂತು, ಶುದ್ಧವಾಗಿ, ನಲ್ಲಿಯಲ್ಲಿ ಪಾಳಿಯ ಪ್ರಕಾರ ಬರುವ ನೀರು. ಇನ್ನೊಂದು, ಮನೆಯದೋ ಬೀದಿಯದೋ ಬೋರಿನಿಂದ ಮೇಲೆ ಬರುವ ನೀರು. ಮೊದಲನೆಯದು ಬಂದ ದಿನ ಕೊಡಗಳೆಲ್ಲ ತುಂಬುತ್ತವೆ. ಉಳಿದ ದಿನಗಳ ಸ್ನಾನ, ಬಟ್ಟೆ, ಪಾತ್ರೆ ಎಲ್ಲಕ್ಕೂ ಎರಡನೆಯದೇ ಗತಿ. ಜಗಳೂರು, ಹಿರಿಯೂರು, ಚಳ್ಳಕೆರೆಯ ಕಡೆಯವರಿಗಂತೂ ಈ ನೀರಿನ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ.

ಬಕೆಟ್ಟಿನ ಅಂಚಿನ ಬಿಳಿ ಪಟ್ಟೆ, ಅರ್ಧ ತೂತು ಮುಚ್ಚಿಹೋದ ಶವರ್, ಎಷ್ಟು ತಿಕ್ಕಿದರೂ ಮಬ್ಬಾಗಿಯೇ ಉಳಿಯುವ ಬಿಳಿ ಪಂಚೆ, ಎರಡನೆಯ ಬೇಸಿಗೆಗೆ ತಣ್ಣಗೆ ಮಾಡುವುದನ್ನೇ ಬಿಟ್ಟುಬಿಡುವ ಮಡಕೆ: ಇವೆಲ್ಲ ಬೇರೆಬೇರೆ ತೊಂದರೆಗಳೆಂದು ತಿಳಿದು ಒಂದೊಂದಕ್ಕೂ ಒಂದೊಂದು ಬಣ್ಣದ ಬಾಟಲಿಯನ್ನು ಬಹಳ ಕಾಲ ಕೊಂಡುಕೊಂಡವನು ನಾನು. ಇವೆಲ್ಲಕ್ಕೂ ಕಾರಣ ಒಂದೇ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು, ಎಂಬುದು ಗೊತ್ತಾದ ಮೇಲೆ ಆ ಬಾಟಲಿಗಳ ಜಾಗಕ್ಕೆ ನಿಂಬೆ ಉಪ್ಪು, ಬಟ್ಟೆ ಸೋಡ, ಅಂಟುವಾಳಕಾಯಿ, ಹಳೆಯ ಸೈಕಲ್ ಟ್ಯೂಬು, ಹಳೆಯ ಪಂಚೆ ಬಂದವು. ಇವುಗಳ ಒಟ್ಟು ಬೆಲೆ ಒಂದು ಮನೆಯವರು ಹೊರಗೆ ಹೋಗಿ ಬೆಣ್ಣೆದೋಸೆ ತಿಂದು ಬರುವ ಖರ್ಚಿಗಿಂತ ಕಡಿಮೆ. ಟ್ಯೂಬಿಗೂ ಪಂಚೆಗೂ ಅದೂ ಇಲ್ಲ.

ಮೊದಲು ನೀರನ್ನು ಅಳೆಯಿರಿ

ನಿಮ್ಮ ನೀರು ಎಷ್ಟು ಗಡಸು, ಅಂದರೆ ಅದರಲ್ಲಿ ಈ ಲವಣಗಳು ಎಷ್ಟಿವೆ, ಎಂಬುದು ತಿಳಿಯದೆ ಮುಂದಿನ ಯಾವ ಅಳತೆಯೂ ಸರಿಹೋಗುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಾಗ 600 ಮಿಲಿಗ್ರಾಂವರೆಗೆ ವಿನಾಯಿತಿ ಇದೆ. ಖಚಿತವಾದ ಅಂಕಿ ಪ್ರಯೋಗಾಲಯದಲ್ಲೇ ಸಿಗಬೇಕು. ಆದರೆ ಮನೆಗೆಲಸಕ್ಕೆ ಸಾಕಾಗುವಷ್ಟನ್ನು ಒಂದು ತುಂಡು ಮೈಸೋಪೇ ಹೇಳುತ್ತದೆ.

ಸೋಪನ್ನು ಹೆರೆದು, ಒಂದು ಚಮಚದಷ್ಟು ಹೆರಕಲನ್ನು ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳನ್ನು ತೆಗೆದುಕೊಂಡು, ಒಂದಕ್ಕೆ ಅರ್ಧದಷ್ಟು ಮಳೆನೀರನ್ನು ಅಥವಾ ಶುದ್ಧ ನೀರಿನ ಘಟಕದ ನೀರನ್ನು, ಇನ್ನೊಂದಕ್ಕೆ ಅಷ್ಟೇ ಬೋರಿನ ನೀರನ್ನು ತುಂಬಿ. ಎರಡಕ್ಕೂ ಒಂದೊಂದು ಚಮಚ ಸೋಪಿನ ನೀರು ಹಾಕಿ, ಬಿರಡೆ ಮುಚ್ಚಿ, ಹತ್ತು ಸಲ ಜೋರಾಗಿ ಕುಲುಕಿ. ಮೆದು ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆಯ ಬದಲು ಒಡೆದ ಹಾಲಿನಂಥ ಕರಣೆ ತೇಲುತ್ತದೆ. ಈಗ ಎರಡನೆಯ ಬಾಟಲಿಗೆ ನೊರೆ ನಿಲ್ಲುವವರೆಗೆ ಒಂದೊಂದೇ ಚಮಚ ಸೋಪಿನ ನೀರು ಸೇರಿಸುತ್ತ, ಪ್ರತಿ ಸಲವೂ ಕುಲುಕುತ್ತ, ಎಷ್ಟು ಚಮಚ ಹಿಡಿಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಬಟ್ಟೆ ತೊಳೆಯುವ ಡಿಟರ್ಜೆಂಟ್ ಪುಡಿಯಿಂದ ಈ ಪರೀಕ್ಷೆ ಮಾಡಬಾರದು, ಏಕೆಂದರೆ ಅದು ಗಡಸು ನೀರಿನಲ್ಲೂ ನೊರೆ ಬರುವಂತೆಯೇ ತಯಾರಾದದ್ದು.

ಅದೇ ಬೋರಿನ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಇನ್ನೊಮ್ಮೆ ಪರೀಕ್ಷಿಸಿ. ಚಮಚಗಳ ಎಣಿಕೆ ಚೆನ್ನಾಗಿ ಇಳಿದರೆ ನಿಮ್ಮ ನೀರಿನ ಗಡಸುತನದ ಹೆಚ್ಚಿನ ಪಾಲು ಬೈಕಾರ್ಬೊನೇಟಿನದು. ಅದು ಶಾಖಕ್ಕೆ ಒಡೆದು, ಹಂಡೆಯ ತಳದಲ್ಲಿ ಸುಣ್ಣದ ಕಲ್ಲಿನಂತೆ ಕೂರುತ್ತದೆ. ಎಣಿಕೆ ಇಳಿಯದಿದ್ದರೆ ಸಲ್ಫೇಟ್ ಮತ್ತು ಕ್ಲೋರೈಡುಗಳದ್ದು, ಅದನ್ನು ಕುದಿಸಿ ತೆಗೆಯಲಾಗುವುದಿಲ್ಲ. ಮೊದಲನೆಯ ಬಗೆಯವರಿಗೆ ನಿಂಬೆ ಉಪ್ಪು ಹೆಚ್ಚು ಬೇಕಾಗುತ್ತದೆ, ಎರಡನೆಯ ಬಗೆಯವರಿಗೆ ಬಟ್ಟೆ ಸೋಡ.

ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಹಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ವಿನಾಯಿತಿಯಲ್ಲಿ 1.5. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ಮೇಲಿನ ಸೋಪಿನ ಪರೀಕ್ಷೆಗೆ ಅದು ಸಿಗುವುದಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕೊಡದಲ್ಲಿ ಒಂದು ಚೂರು ಪಟಿಕ ತಿರುವಿದರೂ ಪ್ರಯೋಜನವಿಲ್ಲ. ಈ ಲೇಖನದ ಯಾವ ಉಪಾಯವೂ ಬೋರಿನ ನೀರನ್ನು ಕುಡಿಯಲು ಯೋಗ್ಯವಾಗಿಸುವುದಿಲ್ಲ. ಕುಡಿಯುವುದಕ್ಕೆ ನಲ್ಲಿಯ ನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರೇ ಆಗಬೇಕು.

ನಿಂಬೆ ಉಪ್ಪು

ಮಂಡಿಪೇಟೆಯ ಕಿರಾಣಿ ಅಂಗಡಿಗಳಲ್ಲಿ ನಿಂಬೆ ಉಪ್ಪೆಂದು ಕೇಳಿದರೆ ಸಕ್ಕರೆಯಂಥ ಬಿಳಿ ಹರಳುಗಳ ಪೊಟ್ಟಣ ಕೊಡುತ್ತಾರೆ. ಸಿಟ್ರಿಕ್ ಆಸಿಡ್ ಎಂದರೂ ಅದೇ. ನಿಂಬೆಹಣ್ಣಿನ ಹುಳಿಗೆ ಮುಖ್ಯ ಕಾರಣವಾದ ಆಮ್ಲ ಇದು. ಬಿಳಿ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ, ಆಮ್ಲ ತಾಗಿದೊಡನೆ ಗುಳ್ಳೆಯೆದ್ದು ಕರಗತೊಡಗುತ್ತದೆ. ವಿನೆಗರ್ ಕೂಡ ಇದನ್ನು ಮಾಡಬಲ್ಲದು, ಆದರೆ ಬೆಲೆ ಹೆಚ್ಚು, ವಾಸನೆ ಇನ್ನೂ ಹೆಚ್ಚು.

ನೀರು ಕಾಯಿಸುವ ಪಾತ್ರೆ ಅಥವಾ ಕೆಟಲಿನ ಪೊರೆ ತೆಗೆಯಲು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು ಸಾಕು. ನೀರನ್ನು ಕೈಗೆ ಬಿಸಿ ತಾಗುವಷ್ಟು ಮಾತ್ರ ಕಾಯಿಸಿ, ಒಲೆ ಆರಿಸಿ, ನಿಂಬೆ ಉಪ್ಪನ್ನು ಕರಗಿಸಿ ಅರ್ಧ ಗಂಟೆ ಬಿಡಿ. ಬೇಗ ಆಗಲೆಂದು ಬಹಳ ಮಂದಿ ಇದನ್ನು ಕೊತಕೊತ ಕುದಿಸುತ್ತಾರೆ, ಅದು ಬೇಡ. ಪೊರೆ ಕರಗಿದಾಗ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವ ವಸ್ತುವಾದ್ದರಿಂದ, ಕುದಿಸಿದರೆ ಹಳೆಯ ಪೊರೆಯ ಜಾಗದಲ್ಲಿ ಹೊಸದೊಂದು ಬಿಳಿ ಪುಡಿ ಕೂತುಬಿಡುತ್ತದೆ. ಅರ್ಧ ಗಂಟೆಯ ಮೇಲೂ ಪೊರೆ ಉಳಿದಿದ್ದರೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಮ್ಮೆ ಮಾಡಿ. ಕೊನೆಗೆ ಎರಡು ಸಲ ಗಲಬರಿಸಿದರೆ ಮುಗಿಯಿತು.

ಬಕೆಟ್ಟಿನಲ್ಲಿಟ್ಟು ನೀರು ಕಾಯಿಸುವ ಕಾಯಿಲ್ ಇರುವ ಮನೆಗಳಲ್ಲಿ ಇದರ ಉಪಕಾರ ದೊಡ್ಡದು. ಸುಣ್ಣದ ಪೊರೆ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಹೀಗಾಗಿ ಪೊರೆ ದಪ್ಪವಾದಂತೆ ನೀರು ಕಾಯುವುದು ನಿಧಾನವಾಗುತ್ತದೆ, ಕಾಯಿಲ್ ಮಾತ್ರ ಒಳಗೊಳಗೇ ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಪ್ಲಗ್ ಕಿತ್ತು, ಕಾಯಿಲ್ ಪೂರ್ತಿ ಆರಿದ ಮೇಲೆ, ಎತ್ತರದ ಚೊಂಬಿನಲ್ಲೋ ಕತ್ತರಿಸಿದ ದೊಡ್ಡ ಬಾಟಲಿಯಲ್ಲೋ ನಿಂಬೆ ಉಪ್ಪಿನ ನೀರು ತುಂಬಿ, ಲೋಹದ ಸುರುಳಿ ಮಾತ್ರ ಮುಳುಗುವಂತೆ ಒಂದು ಗಂಟೆ ನಿಲ್ಲಿಸಿ. ವಯರ್ ಸೇರುವ ತಲೆಯ ಭಾಗಕ್ಕೆ ಒಂದು ಹನಿಯೂ ತಾಗಬಾರದು. ತೊಳೆದು, ಒರೆಸಿ, ಒಣಗಿದ ಮೇಲೆಯೇ ಮತ್ತೆ ಬಳಸಿ. ಗೀಸರಿನ ಒಳಗಡೆಯನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ.

ಶವರಿನ ತಲೆಯನ್ನು ಬಿಚ್ಚಲು ಬಂದರೆ ಬಿಚ್ಚಿ ನೆನೆಸಬಹುದು. ತುಕ್ಕು ಹಿಡಿದು ಬಿಚ್ಚಲು ಬಾರದಿದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ಎರಡು ಲೋಟ ನಿಂಬೆ ಉಪ್ಪಿನ ನೀರು ತುಂಬಿ, ಶವರಿನ ತಲೆ ಅದರಲ್ಲಿ ಮುಳುಗುವಂತೆ ಹಿಡಿದು, ಕವರಿನ ಬಾಯಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ. ದಾರದಲ್ಲಿ ಕಟ್ಟಿದರೆ ಜಾರುತ್ತದೆ, ಟ್ಯೂಬು ಜಾರುವುದಿಲ್ಲ. ಕ್ರೋಮಿನ ಹೊಳಪಿರುವ ನಲ್ಲಿ, ಶವರುಗಳನ್ನು ಅರ್ಧ ಗಂಟೆಗಿಂತ ಹೆಚ್ಚು ನೆನೆಯಗೊಡಬೇಡಿ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೂತುಗಳನ್ನು ಉಜ್ಜಿ, ನೀರನ್ನು ಒಂದು ನಿಮಿಷ ಹಾಯಿಸಿ.

ಎಲ್ಲಿ ಬಳಸಬಾರದು ಎಂಬುದನ್ನು ನಾನು ಕಲಿತದ್ದು ನಷ್ಟದಿಂದ. ನಮ್ಮ ಅಡುಗೆಮನೆಯ ಕಟ್ಟೆ ಕಡಪಾ ಕಲ್ಲಿನದು. ಸಿಂಕಿನ ನಲ್ಲಿಯನ್ನು ಹೊಳೆಯುವಂತೆ ಮಾಡಿದ ಹುಮ್ಮಸ್ಸಿನಲ್ಲಿ, ಅದೇ ನೀರಿನಿಂದ ಕಟ್ಟೆಯನ್ನೂ ಒರೆಸಿ ಕಾಫಿ ಕುಡಿಯಲು ಕೂತೆ. ಎದ್ದು ಬಂದು ನೋಡಿದರೆ ಕರಿಕಲ್ಲಿನ ಮೇಲೆ ಬೂದು ಬಣ್ಣದ ಕಲೆಗಳು ಎದ್ದಿದ್ದವು, ಇವತ್ತಿಗೂ ಅಲ್ಲೇ ಇವೆ. ಕಡಪಾ ಕಲ್ಲೂ ಶಹಾಬಾದ್ ಕಲ್ಲೂ ಸುಣ್ಣಕಲ್ಲಿನ ಜಾತಿಯವು, ಅಮೃತಶಿಲೆಯೂ ಹಾಗೆಯೇ, ಮೊಸಾಯಿಕ್ ನೆಲದಲ್ಲಿರುವುದೂ ಸಾಮಾನ್ಯವಾಗಿ ಅಮೃತಶಿಲೆಯ ಚೂರುಗಳೇ. ಅಂದರೆ ಬಕೆಟ್ಟಿನ ಮೇಲೆ ನಾವು ಕರಗಿಸಹೊರಟ ವಸ್ತುವಿನಿಂದಲೇ ಇವೆಲ್ಲ ಆಗಿವೆ. ಆಮ್ಲಕ್ಕೆ ಪೊರೆ ಯಾವುದು, ಕಟ್ಟೆ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಸಂದೇಹವಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ನೋಡಿ. ಸಣ್ಣ ಗುಳ್ಳೆಗಳು ಎದ್ದರೆ, ಅಥವಾ ಒರೆಸಿದ ಮೇಲೆ ಹೊಳಪು ಸತ್ತಿದ್ದರೆ, ಅಲ್ಲಿಗೆ ನಿಂಬೆ ಉಪ್ಪು ಕೂಡದು. ಗ್ರಾನೈಟಿಗೆ ಈ ಭಯ ಬಹಳ ಕಡಿಮೆ.

ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಇನ್ನೊಂದಿದೆ. ನೀರಿನ ತೊಟ್ಟಿಗೂ ಬಚ್ಚಲಿಗೂ ನಮ್ಮಲ್ಲಿ ಬ್ಲೀಚಿಂಗ್ ಪೌಡರ್ ಬಳಸುವ ರೂಢಿಯಿದೆ. ಅದರ ಜೊತೆ ನಿಂಬೆ ಉಪ್ಪಾಗಲಿ, ವಿನೆಗರ್ ಆಗಲಿ, ಕಕ್ಕಸು ತೊಳೆಯುವ ಆಸಿಡ್ಡಾಗಲಿ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟದಿರುವುದೇ ಕ್ಷೇಮ. ಅಡುಗೆ ಸೋಡಕ್ಕೆ ವಿನೆಗರ್ ಸುರಿದು ಬುಸುಗುಟ್ಟಿಸುವ ವಿಡಿಯೊಗಳಲ್ಲಿ ಅಪಾಯವೇನೂ ಇಲ್ಲ, ಆದರೆ ಪ್ರಯೋಜನವೂ ಅಷ್ಟಕ್ಕಷ್ಟೆ. ಕ್ಷಾರವೂ ಆಮ್ಲವೂ ಒಂದನ್ನೊಂದು ಕಳೆದುಕೊಂಡು, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಹಾಗಾದರೆ ಹುಣಸೆಹಣ್ಣು ಸಾಲದೇ ಎಂದು ಹಿರಿಯರು ಕೇಳುತ್ತಾರೆ. ತಾಮ್ರ, ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು ಮತ್ತು ಉಪ್ಪಿಗಿಂತ ಒಳ್ಳೆಯದು ಬೇರೆ ಬೇಡ. ಸುಣ್ಣದ ಪೊರೆಗೆ ಮಾತ್ರ ಅದು ನಿಧಾನ, ಈಗಿನ ಹುಣಸೆಹಣ್ಣಿನ ಬೆಲೆಯಲ್ಲಿ ದುಬಾರಿಯೂ ಹೌದು.

ಬಟ್ಟೆ ಸೋಡ ಮತ್ತು ಅಂಟುವಾಳ

ಬಟ್ಟೆ ಸೋಡವೆಂದರೆ ಅಡುಗೆ ಸೋಡವಲ್ಲ. ಅಡುಗೆಯದು ಸೋಡಿಯಂ ಬೈಕಾರ್ಬೊನೇಟ್, ಇದು ಸೋಡಿಯಂ ಕಾರ್ಬೊನೇಟ್. ಹೆಚ್ಚು ಖಾರವಾದ ಕ್ಷಾರ. ಇದನ್ನು ಗಡಸು ನೀರಿಗೆ ಹಾಕಿದರೆ ಕರಗಿದ್ದ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಬೇರ್ಪಡುತ್ತದೆ, ಆಮೇಲೆ ಸೋಪು ತನ್ನ ಶಕ್ತಿಯನ್ನು ನೀರಿನ ಮೇಲೆ ಕಳೆದುಕೊಳ್ಳದೆ ಕೊಳೆಯ ಮೇಲೆ ಬಳಸುತ್ತದೆ.

ಕ್ರಮ ಹೀಗೆ: ಹದಿನೈದು ಲೀಟರಿನ ಬಕೆಟ್ ತುಂಬಿಕೊಳ್ಳಿ. ಒಂದು ದೊಡ್ಡ ಚಮಚ ಬಟ್ಟೆ ಸೋಡದ ಹರಳನ್ನು ಒಂದು ಚೊಂಬು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಬಕೆಟ್ಟಿಗೆ ಸುರಿದು ತಿರುವಿ. ಲೀಟರಿಗೆ 400 ಮಿಲಿಗ್ರಾಂ ಆಸುಪಾಸಿನ ಗಡಸುತನಕ್ಕೆ ಈ ಅಳತೆ ಸರಿಯಾಗುತ್ತದೆ; ನಿಮ್ಮ ಸೋಪಿನ ಪರೀಕ್ಷೆಯ ಎಣಿಕೆ ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಿ. ಅಂಗಡಿಯವರು ಹರಳಿನ ಬದಲು ನೀರಿನಂಶವಿಲ್ಲದ ನಯವಾದ ಪುಡಿ ಕೊಟ್ಟರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ನೀರು ಮಬ್ಬಾಗುವುದನ್ನು ಕಾಣುತ್ತೀರಿ. ಕಾಲು ಗಂಟೆ ಬಿಟ್ಟು, ತಳದ ಗಸಿಯನ್ನು ಕದಡದೆ ಮೇಲಿನ ನೀರನ್ನು ಬಗ್ಗಿಸಿಕೊಂಡು, ಅದರಲ್ಲಿ ಬಟ್ಟೆ ನೆನೆಹಾಕಿ. ಸೋಪಿನ ಖರ್ಚು ಇಳಿಯುವುದು ಮೊದಲ ವಾರವೇ ಗೊತ್ತಾಗುತ್ತದೆ. ಬರಿಗೈಯಲ್ಲಿ ಬಹಳ ಹೊತ್ತು ಆಡಿದರೆ ಚರ್ಮ ಒಡೆಯುತ್ತದೆ, ಕೈಗವಸು ಹಾಕಿಕೊಳ್ಳಿ. ಅಲ್ಯೂಮಿನಿಯಂ ಪಾತ್ರೆಗೆ ಈ ಸೋಡವನ್ನು ತಾಗಿಸಬೇಡಿ, ಲೋಹವನ್ನೇ ತಿನ್ನುತ್ತದೆ.

ರೇಷ್ಮೆ, ಉಣ್ಣೆಗೂ ಇದು ಶತ್ರು. ಅವು ಹತ್ತಿಯಂತಲ್ಲ, ಎರಡೂ ಪ್ರೋಟೀನಿನ ಎಳೆಗಳು, ಕ್ಷಾರಕ್ಕೆ ಸೊರಗುತ್ತವೆ. ಮದುವೆಯ ಮೊಳಕಾಲ್ಮೂರು ಸೀರೆಯನ್ನಾಗಲಿ, ಚಳ್ಳಕೆರೆಯ ಕರಿ ಕಂಬಳಿಯನ್ನಾಗಲಿ ಬಟ್ಟೆ ಸೋಡದ ನೀರಿನ ಹತ್ತಿರಕ್ಕೂ ತರಬಾರದು. ಇವಕ್ಕೆ ಅಂಟುವಾಳವೇ ಸರಿ. ಎಂಟು ಹತ್ತು ಕಾಯಿಗಳನ್ನು ಜಜ್ಜಿ, ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿಕೊಳ್ಳಿ. ಅದರ ನೊರೆ ಸಪೋನಿನ್ ಎಂಬ ವಸ್ತುವಿನದು. ಸೋಪಿನಂತೆ ಅದು ಗಡಸು ನೀರಿನಲ್ಲಿ ಕರಣೆಗಟ್ಟುವುದಿಲ್ಲ. ಕಂಬಳಿಯನ್ನು ತಣ್ಣೀರಿನಲ್ಲಿ ಅದ್ದಿ ಒತ್ತಬೇಕು, ಹಿಂಡಬಾರದು, ತಿಕ್ಕಬಾರದು. ಜರಿಯ ಸೀರೆಯಾದರೆ ಮೊದಲು ಸೆರಗಿನ ಒಳಮೂಲೆಯಲ್ಲಿ ಬಣ್ಣ ಬಿಡುತ್ತದೆಯೋ ಎಂದು ನೋಡಿಕೊಳ್ಳಿ. ಕಣ್ಣಿಗೆ ಹಾರದಂತೆ ಜೋಪಾನ. ಅಂಟುವಾಳದ ಉರಿ ಬಾಲ್ಯದಲ್ಲಿ ತಲೆಗೆ ಹಾಕಿಸಿಕೊಂಡವರಿಗೆ ನೆನಪಿರುತ್ತದೆ.

ಸೈಕಲ್ ಟ್ಯೂಬು

ಪಂಕ್ಚರ್ ಅಂಗಡಿಯವರು ತೇಪೆ ಹಿಡಿಯದ ಟ್ಯೂಬುಗಳನ್ನು ಮೂಲೆಗೆ ಎಸೆದಿರುತ್ತಾರೆ. ಕೇಳಿದರೆ ಸುಮ್ಮನೆ ಕೊಡುತ್ತಾರೆ. ತೊಳೆದು ಒಣಗಿಸಿ, ಅರ್ಧವನ್ನು ಬೆರಳಗಲದ ಬಳೆಗಳಾಗಿಯೂ ಉಳಿದರ್ಧವನ್ನು ಎರಡು ಬೆರಳಗಲದ ಉದ್ದ ಪಟ್ಟಿಗಳಾಗಿಯೂ ಕತ್ತರಿಸಿ, ಸ್ವಲ್ಪ ಪೌಡರ್ ಸವರಿ ಡಬ್ಬಿಯಲ್ಲಿಡಿ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಬಳೆಗಳು ಪೊಟ್ಟಣ, ವಯರು, ಪೊರಕೆಕಡ್ಡಿ ಬಿಗಿಯಲು ಆಗುತ್ತವೆ. ಹೆಚ್ಚಿನ ಉಪಯೋಗ ಪಟ್ಟಿಗಳದು. ತಿರುಗದ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಒಂದು ಸುತ್ತು ಸುತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ. ತೋಟದ ಪೈಪು ಸೀಳಿದರೆ, ಸೀಳಿನ ಒಂದು ಗೇಣು ಈಚೆಯಿಂದ ಆರಂಭಿಸಿ, ಪಟ್ಟಿಯನ್ನು ಅದರ ಎರಡರಷ್ಟು ಉದ್ದಕ್ಕೆ ಎಳೆದು ಹಿಡಿದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತುತ್ತ ಆಚೆ ಬದಿಯ ಗೇಣಿನವರೆಗೆ ಹೋಗಿ, ತುದಿಯನ್ನು ಕೊನೆಯ ಸುತ್ತಿನಡಿ ತೂರಿಸಿ ಎಳೆಯಿರಿ. ಎಳೆಯದೆ ಸುತ್ತಿದ ಪಟ್ಟಿ ಹನಿಯನ್ನು ತಡೆಯುವುದಿಲ್ಲ. ಬಿಗಿಯೇ ಇಲ್ಲಿ ಎಲ್ಲ. ಗ್ಯಾಸಿನ ಪೈಪಿಗೆ ಈ ಕೆಲಸವನ್ನು ಎಂದಿಗೂ ಮಾಡಬೇಡಿ, ಪೈಪನ್ನೇ ಬದಲಿಸಿ.

ಮಂಡಕ್ಕಿಯ ಊರಿನಲ್ಲಿ ಹೇಳಲೇಬೇಕಾದ ಉಪಯೋಗ ಇನ್ನೊಂದಿದೆ. ಮಳೆಗಾಲದಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳದ ಸಂದಿಯಿಂದ ತೇವ ನುಗ್ಗಿ ಮಂಡಕ್ಕಿ ಮೆತ್ತಗಾಗುತ್ತದೆ. ಸಂದಿಯ ಮೇಲೆಯೇ ಒಂದು ಪಟ್ಟಿಯನ್ನು ಎಳೆದು ಎರಡು ಸುತ್ತು ಸುತ್ತಿಟ್ಟರೆ ಅದು ವಾರಗಟ್ಟಲೆ ಗರಿಗರಿಯಾಗಿಯೇ ಇರುತ್ತದೆ. ಆಗಲೇ ಮೆತ್ತಗಾಗಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಆಡಿಸಿ, ಪೂರ್ತಿ ಆರಿದ ಮೇಲೆ ತುಂಬಿ.

ಮಡಕೆ ಮತ್ತು ಒದ್ದೆ ಬಟ್ಟೆ

ಮಾರ್ಚಿನಿಂದ ಮೇವರೆಗೆ ನಮ್ಮ ಬಯಲುಸೀಮೆಯ ಗಾಳಿ ಒಣಗಿರುತ್ತದೆ. ಅದನ್ನು ಶಪಿಸುವ ನಮಗೆ ಅದರಿಂದಲೇ ಸಿಗುವ ಲಾಭ ಮಡಕೆಯ ತಂಪು. ಒಂದು ಲೀಟರ್ ನೀರು ಆವಿಯಾಗಲು ಹಿಡಿಯುವ ಶಾಖ, ಅಷ್ಟೇ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು. ಮಡಕೆಯ ಮೈಯಿಂದ ಜಿನುಗುವ ನೀರು ಆ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಂಡು ಹೋಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಈ ಆಟ ನಡೆಯುವುದಿಲ್ಲ.

ಸೊಪ್ಪು, ವೀಳ್ಯದೆಲೆ, ಟೊಮೆಟೊಗಳನ್ನು ಫ್ರಿಜ್ಜಿಲ್ಲದೆ ಎರಡು ಮೂರು ದಿನ ಹೆಚ್ಚಿಗೆ ಉಳಿಸಲು ಒಂದರೊಳಗೊಂದು ಕೂರುವ ಎರಡು ಮಡಕೆಗಳು ಬೇಕು. ದೊಡ್ಡದರ ತಳಕ್ಕೆ ಮೂರು ಬೆರಳು ಮರಳು ಹಾಕಿ, ಚಿಕ್ಕದನ್ನು ಮೇಲಿಟ್ಟು, ಸುತ್ತಲ ಸಂದಿಗೂ ಮರಳು ತುಂಬಿ, ಅದನ್ನು ಬೆಳಗ್ಗೆ ಸಂಜೆ ನೀರಿನಿಂದ ನೆನೆಸಿ. ತರಕಾರಿಯನ್ನು ಒಳಮಡಕೆಯಲ್ಲಿಟ್ಟು, ಬಾಯಿಗೆ ಒದ್ದೆ ಗೋಣಿತಟ್ಟು ಹೊದಿಸಿ, ನೆರಳಿದ್ದು ಗಾಳಿಯಾಡುವ ಕಡೆ ಇಡಿ. ಗಾಳಿಯಿಲ್ಲದ ಮೂಲೆಯಲ್ಲಿಟ್ಟರೆ ಮರಳು ಒದ್ದೆಯಾಗಿದ್ದೂ ತಂಪಾಗುವುದಿಲ್ಲ.

ಕುಡಿಯುವ ನೀರಿನ ಮಡಕೆಯದು ಬೇರೆ ಕಥೆ. ಅದರ ಮೈಯಲ್ಲಿನ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಬಂದು ಆರಿಹೋಗುತ್ತದೆ, ಅದರಲ್ಲಿದ್ದ ಲವಣ ಮಾತ್ರ ಅಲ್ಲೇ ಉಳಿಯುತ್ತದೆ. ಹೊರಮೈ ಬೆಳ್ಳಗಾಗುವುದು ಇದರ ಗುರುತು. ರಂಧ್ರ ಮುಚ್ಚಿದ ಮಡಕೆ ತಣ್ಣಗೆ ಮಾಡುವುದಿಲ್ಲ, ನಾವು ಅದನ್ನು ಹಳೆಯದಾಯಿತೆಂದು ಒಡೆದುಹಾಕುತ್ತೇವೆ. ಒಡೆಯುವ ಮೊದಲು ಒಂದು ಬಕೆಟ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಬೆರೆಸಿ, ಖಾಲಿ ಮಡಕೆಯನ್ನು ಒಂದು ಗಂಟೆ ಮುಳುಗಿಸಿ, ತೆಂಗಿನ ನಾರಿನಿಂದ ಹೊರಮೈ ಉಜ್ಜಿ. ನಂತರ ನಲ್ಲಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬಿಸಿಲಿನಲ್ಲಿ ಒಣಗಿಸಿ. ಸೋಪು ಮುಟ್ಟಿಸಬೇಡಿ, ಜೇಡಿಮಣ್ಣು ಅದನ್ನು ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತದೆ. ನಮ್ಮ ಮನೆಯ ಮಡಕೆ ಹೀಗೆ ಮೂರನೆಯ ಬೇಸಿಗೆಯನ್ನು ದಾಟಿದೆ. ಎಲ್ಲ ಮಡಕೆಗಳೂ ಹೀಗೆ ಚೇತರಿಸಿಕೊಳ್ಳುವುದಿಲ್ಲ, ಒಳಗಿನವರೆಗೂ ಲವಣ ಕಟ್ಟಿದ್ದರೆ ಹೊಸದನ್ನೇ ತರಬೇಕು.

ಉಳಿದದ್ದು ಹಳೆಯ ಪಂಚೆ. ನಲ್ಲಿಯ ನೀರು ರಾಡಿಯಾಗಿ ಬಂದ ದಿನ ಕೊಡದ ಬಾಯಿಗೆ ಒಂದೇ ಪದರ ಕಟ್ಟುವುದು ರೂಢಿ. ಅದನ್ನು ಎಂಟು ಪದರ ಬರುವಂತೆ ಮಡಿಸಿ ಕಟ್ಟಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹೀಗೆ ಮಡಿಸಿ ಸೋಸಿದ ಮನೆಗಳಲ್ಲಿ ಕಾಲರಾ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಹೊಸ ಬಟ್ಟೆಗಿಂತ ಒಗೆದು ಒಗೆದು ಎಳೆ ಬಿಚ್ಚಿಕೊಂಡ ಹಳೆಯ ಹತ್ತಿ ಬಟ್ಟೆಯೇ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಬಿಚ್ಚಿದ ಎಳೆಗಳು ನೇಯ್ಗೆಯ ಕಂಡಿಗಳನ್ನು ಕಿರಿದಾಗಿಸಿರುತ್ತವೆ. ಸೋಸಿದ ನೀರನ್ನೂ ಕುದಿಸಿಯೇ ಕುಡಿಯಬೇಕು. ಬಟ್ಟೆಯನ್ನು ಪ್ರತಿ ಸಲವೂ ಜಾಲಿಸಿ, ಕೊಳೆ ಹಿಡಿದ ಬದಿ ಮುಂದಿನ ಸಲ ಕೊಡದ ಒಳಮುಖಕ್ಕೆ ಬಾರದಂತೆ ಒಂದು ಮೂಲೆಗೆ ಬಣ್ಣದ ದಾರ ಹೊಲಿದು ಗುರುತು ಮಾಡಿ, ಬಿಸಿಲಿನಲ್ಲಿ ಒಣಹಾಕಿ.